ಕೊಳೆಗೂ ಬಾಡಿಗೆಯುಂಟು

2013ರ ಜನವರಿ 11, ಶುಕ್ರವಾರ. ಬಹರೈನಿನಲ್ಲಿ ವಾರದ ರಜೆಯ ದಿನ. ಮನಾಮದ ಮುಖರ್ಖ ರಸ್ತೆಯ ಮೂರು ಮಹಡಿಯ ಹಳೆಯ ಕಟ್ಟಡವೊಂದಕ್ಕೆ ಬೆಂಕಿ ಬಿತ್ತು. ರಜೆಯಾದ್ದರಿಂದ ಕೋಣೆಗಳಲ್ಲಿ ಜನ ತುಂಬಿದ್ದರು. 13 ಮಂದಿ ಕಾರ್ಮಿಕರು ಸತ್ತರು. ಎಲ್ಲರೂ ಬಾಂಗ್ಲಾದೇಶದವರು. ಆಮೇಲೆ ಹೊರಬಂದ ಸಂಗತಿಗಳಲ್ಲಿ ಮುಖ್ಯವಾದುದು ಬೆಂಕಿಯ ಮೂಲವಲ್ಲ. ಆ ಕಟ್ಟಡ ಕಾರ್ಮಿಕ ವಸತಿಯೆಂದು ಸರ್ಕಾರದ ಯಾವ ಕಡತದಲ್ಲೂ ನೋಂದಣಿಯಾಗಿರಲಿಲ್ಲ ಎಂಬುದು. ಕಾನೂನಿನ ಕಣ್ಣಿಗೆ ಅದೊಂದು ಖಾಸಗಿ ಬಾಡಿಗೆಯ ಮನೆ. ಕಾರ್ಮಿಕ ಇಲಾಖೆಯ ತಪಾಸಣಾಧಿಕಾರಿ ಬಾಗಿಲು ತಟ್ಟಬೇಕಾದ ಸ್ಥಳ ಅದಾಗಿರಲಿಲ್ಲ. ಬಾಡಿಗೆ ಮಾತ್ರ ತಿಂಗಳು ತಪ್ಪದೆ ವಸೂಲಾಗುತ್ತಿತ್ತು.

ಅದಕ್ಕೆ ಆರೂವರೆ ವರ್ಷ ಮೊದಲು, 2006ರ ಜುಲೈನಲ್ಲಿ, ಗುದೇಬಿಯಾದ ವಸತಿಯೊಂದರಲ್ಲಿ ಹೊತ್ತಿದ ಬೆಂಕಿಗೆ 16 ಭಾರತೀಯ ಕಾರ್ಮಿಕರು ಬಲಿಯಾಗಿದ್ದರು, ಬಹುತೇಕರು ತಮಿಳುನಾಡಿನವರು. 2018ರ ಅಕ್ಟೋಬರಿನಲ್ಲಿ ಸಲ್ಮಾನಿಯದ ಎರಡು ಮಹಡಿಯ ಕಟ್ಟಡವೊಂದು ಕುಸಿದು ನಾಲ್ವರು ಸತ್ತರು. ಪ್ರತಿ ಸಲವೂ ಪತ್ರಿಕೆಗಳಲ್ಲಿ ಒಂದೇ ಬಗೆಯ ಚಿತ್ರ ಬಂದಿದೆ: ಮಸಿ ಹಿಡಿದ ಗೋಡೆ, ಸುಟ್ಟ ಹಾಸಿಗೆ, ಮೂಲೆಯಲ್ಲಿ ಗ್ಯಾಸ್ ಸಿಲಿಂಡರ್, ಹಗ್ಗದ ಮೇಲೆ ಉಳಿದ ಒಂದೆರಡು ಅಂಗಿ. ಆ ಚಿತ್ರಗಳನ್ನು ಕಂಡ ಮಧ್ಯಮವರ್ಗದ ಬಾಯಿಂದ ಪ್ರತಿ ಸಲವೂ ಒಂದೇ ಉದ್ಗಾರ ಹೊರಟಿದೆ: ‘ಎಷ್ಟು ಗಲೀಜಾಗಿ ಬದುಕುತ್ತಾರಪ್ಪಾ ಇವರು!’

ಈ ಉದ್ಗಾರವನ್ನು ತುಸು ನಿಂತು ನೋಡಬೇಕಾಗಿದೆ. ಅದರಲ್ಲಿ ಕನಿಕರವಿದೆ ಎಂದು ತೋರುತ್ತದೆ. ವಾಸ್ತವದಲ್ಲಿ ಅದೊಂದು ತೀರ್ಪು. ಕೊಳೆ ಎಂಬುದು ವಾಸಿಸುವವನ ಸ್ವಭಾವ, ಅವನ ಸಂಸ್ಕಾರದ ಕೊರತೆ, ಅವನ ದೇಶದ ಗುಣ ಎಂಬ ತೀರ್ಪು. ಹಾಗೆ ತೀರ್ಮಾನಿಸಿಬಿಟ್ಟರೆ ಬಾಡಿಗೆ ಎಣಿಸಿಕೊಂಡವನ ಹೆಸರು ಕೇಳುವ ಅಗತ್ಯವೇ ಬರುವುದಿಲ್ಲ.

ಮನಾಮದ ಹಳೆಯ ಬೀದಿಗಳಲ್ಲಿ ಇಂಥ ಕೋಣೆಯೊಂದು ಹೇಗೆ ಹುಟ್ಟುತ್ತದೆ ಎಂಬುದು ಗುಟ್ಟಿನ ವಿಷಯವೇನಲ್ಲ. ಮನೆ ಮೂಲತಃ ಒಂದು ಬಹರೈನಿ ಕುಟುಂಬದ್ದು. ನಡುವೆ ಅಂಗಳವಿರುವ ಹಳೆಯ ಕಾಲದ ಕಟ್ಟಡ. ಕುಟುಂಬ ಎಂದೋ ಈಸಾ ಟೌನ್‌ಗೋ ಹಮದ್ ಟೌನ್‌ಗೋ ಹೊಸ ಮನೆಗೆ ಹೋಗಿದೆ. ಹಿರಿಯರು ತೀರಿಕೊಂಡು ಆಸ್ತಿ ಏಳೆಂಟು ಮಂದಿ ವಾರಸುದಾರರ ಪಾಲಾಗಿದೆ. ದುರಸ್ತಿಗೆ ಹಣ ಹಾಕಲು ಯಾರೂ ಒಪ್ಪುವುದಿಲ್ಲ, ಮಾರಲು ಎಲ್ಲರೂ ಒಪ್ಪುವುದಿಲ್ಲ. ಆಗ ಒಬ್ಬ ಮಧ್ಯವರ್ತಿ ಬರುತ್ತಾನೆ. ಇಡೀ ಮನೆಯನ್ನು ತಿಂಗಳಿಗೆ ಇಂತಿಷ್ಟೆಂದು ಒಟ್ಟಾಗಿ ಹಿಡಿಯುತ್ತಾನೆ. ಮಾಲೀಕರಿಗೆ ತಲೆನೋವು ತಪ್ಪಿತು. ಮಧ್ಯವರ್ತಿ ಪ್ಲೈವುಡ್ ತರಿಸಿ ಒಂದು ಕೋಣೆಯನ್ನು ಮೂರು ಮಾಡುತ್ತಾನೆ. ಅಂಗಳಕ್ಕೆ ತಗಡು ಹೊದಿಸಿ ಅದನ್ನೂ ಕೋಣೆ ಮಾಡುತ್ತಾನೆ. ಒಂದು ಮೀಟರಿನಿಂದ ಎಳೆದ ತಂತಿ ಹತ್ತು ಎ.ಸಿ.ಗಳಿಗೆ ಹಂಚಿಹೋಗುತ್ತದೆ. ಹಾಸಿಗೆಯ ಮೇಲೆ ಹಾಸಿಗೆ, ಅದರ ಮೇಲೆ ಇನ್ನೊಂದು. ಹೀಗೆ ಹುಟ್ಟುವ ಸರಕಿಗೆ ಕೊಲ್ಲಿಯ ಊರುಗಳಲ್ಲೆಲ್ಲ ಒಂದೇ ಹೆಸರು: ಬೆಡ್‌ಸ್ಪೇಸ್. ಮನೆಯಲ್ಲ, ಕೋಣೆಯೂ ಅಲ್ಲ; ಮೈ ಚಾಚುವಷ್ಟು ಉದ್ದ, ಹೊರಳುವಷ್ಟು ಅಗಲ.

ಲೆಕ್ಕ ಸರಳ. ಒಂದು ಹಾಸಿಗೆಗೆ ತಿಂಗಳಿಗೆ 25 ದಿನಾರ್ ಎಂದಿಟ್ಟುಕೊಂಡರೆ ಹತ್ತು ಮಂದಿ ಮಲಗುವ ಕೋಣೆಯ ಹುಟ್ಟುವಳಿ 250 ದಿನಾರ್. ಕುಟುಂಬವೊಂದು ಸಭ್ಯವಾದ ಫ್ಲ್ಯಾಟಿಗೆ ಕೊಡುವ ಮೊತ್ತದ ಆಸುಪಾಸು ಅದು, ಒಂದು ಕೋಣೆಗೆ! ಚದರಡಿಯ ಲೆಕ್ಕದಲ್ಲಿ ನೋಡಿದರೆ ನಗರದ ಅತ್ಯಂತ ದುಬಾರಿ ಬಾಡಿಗೆಗಳಲ್ಲೊಂದನ್ನು ತೆರುತ್ತಿರುವವನು ಅತ್ಯಂತ ಕಡಿಮೆ ಸಂಬಳದವನು. ಹತ್ತು ಮಂದಿಗೆ ಒಂದು ಬಚ್ಚಲು, ಒಂದು ಒಲೆ, ಬೆಳಗಿನ ನಾಲ್ಕಕ್ಕೆ ಎದ್ದು ಹೋಗುವವನು ಒಬ್ಬ, ರಾತ್ರಿ ಪಾಳಿ ಮುಗಿಸಿ ಆಗ ಬರುವವನು ಇನ್ನೊಬ್ಬ. ಗುಡಿಸುವ ಸರದಿ ಯಾರದು? ಕಸ ಯಾವಾಗ ಹೊರಗೆ ಹೋಗಬೇಕು? ತಿಗಣೆಗೆ ಔಷಧಿ ಹೊಡೆಸುವ ಖರ್ಚು ಯಾರದು? ಎಲ್ಲರಿಗೂ ಸೇರಿದ್ದು ಯಾರಿಗೂ ಸೇರದ್ದಾಗುತ್ತದೆ. ಎಷ್ಟೇ ಶುಚಿಯಾದ ಮನುಷ್ಯನನ್ನು ತಂದು ಆ ಕೋಣೆಯಲ್ಲಿಟ್ಟರೂ ಮೂರನೆಯ ತಿಂಗಳಿಗೆ ಆ ಕೋಣೆ ಹಾಗೆಯೇ ಇರುತ್ತದೆ. ಊರಲ್ಲಿ ತುಳಸಿಕಟ್ಟೆ ಸಾರಿಸುವ, ದಿನಕ್ಕೆ ಐದು ಬಾರಿ ವುಜೂ ಮಾಡುವ, ಭಾನುವಾರ ಇಸ್ತ್ರಿಯ ಅಂಗಿ ತೊಟ್ಟು ಇಗರ್ಜಿಗೆ ಹೋಗುವ ಮಂದಿಯೇ ಅಲ್ಲಿ ಮಲಗಿರುವವರು.

ಕಾನೂನು ಇಲ್ಲವೆಂದಲ್ಲ. ಉದ್ಯೋಗದಾತ ಒದಗಿಸುವ ವಸತಿ ಹೇಗಿರಬೇಕು, ತಲೆಗೆ ಎಷ್ಟು ಜಾಗ, ಗಾಳಿ ಬೆಳಕು, ಶೌಚಾಲಯ, ಬೆಂಕಿಯಿಂದ ರಕ್ಷಣೆ ಎಂಬ ಬಗ್ಗೆ ಬಹರೈನಿನಲ್ಲಿ 1978ರಿಂದಲೇ ಸಚಿವಾಲಯದ ಆದೇಶವಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1961ರಷ್ಟು ಹಿಂದೆಯೇ ಕಾರ್ಮಿಕರ ವಸತಿಯ ಕುರಿತು ಶಿಫಾರಸು ಹೊರಡಿಸಿದೆ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ಬಹರೈನಿನ ವಲಸೆ ಕಾರ್ಮಿಕರ ಪಾಡನ್ನು ಕುರಿತ ವಿಸ್ತಾರವಾದ ವರದಿಯನ್ನು ಪ್ರಕಟಿಸಿದ್ದು 2012ರ ಅಕ್ಟೋಬರಿನಲ್ಲಿ, ಮುಖರ್ಖ ರಸ್ತೆಯ ಬೆಂಕಿಗೆ ಮೂರೇ ತಿಂಗಳ ಮೊದಲು. ಆದರೆ ಈ ನಿಯಮಗಳೆಲ್ಲ ಮಾಲೀಕ ಕೊಟ್ಟ ಕ್ಯಾಂಪಿಗೆ ಅನ್ವಯಿಸುವಂಥವು. ತಾನೇ ಹಾಸಿಗೆ ಹುಡುಕಿಕೊಂಡವನ ಕೋಣೆ ಅವುಗಳ ಆಚೆಗೆ ಉಳಿಯುತ್ತದೆ.

ಹಾಗೆ ಆಚೆಗೆ ಉಳಿದವರು ಕಡಿಮೆಯೇನಲ್ಲ. ‘ಫ್ರೀ ವೀಸಾ’ ಎಂಬ ಮಾತು ಯಾವ ಕಾನೂನು ಪುಸ್ತಕದಲ್ಲೂ ಇಲ್ಲ; ಆದರೆ ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡುಗಳ ಮನೆಮಾತು ಅದು. ಕಾಗದದ ಮೇಲೆ ಒಬ್ಬ ಪ್ರಾಯೋಜಕ. ಅವನಿಗೆ ಹಣ ತೆತ್ತು ಹೊರಗೆ ಸಿಕ್ಕ ಕೆಲಸ. ಪ್ರಾಯೋಜಕನಿಗೆ ಇವನ ಮೇಲೆ ಹಕ್ಕಿದೆ, ಇವನು ಮಲಗುವ ಜಾಗದ ಹೊಣೆಯಿಲ್ಲ. 2017ರಲ್ಲಿ ಬಹರೈನ್ ಸರ್ಕಾರ ‘ಫ್ಲೆಕ್ಸಿ’ ಪರವಾನಗಿ ತಂದಾಗ ಕಫಾಲ ಪದ್ಧತಿಯಿಂದ ಹೊರಬರುವ ಮೊದಲ ಹೆಜ್ಜೆಯೆಂದು ಅದನ್ನು ಸ್ವಾಗತಿಸಿದವರು ಬಹಳ ಮಂದಿ. ಸ್ವಾಗತಕ್ಕೆ ಕಾರಣವೂ ಇತ್ತು: ಕಾರ್ಮಿಕ ಒಬ್ಬ ಮಾಲೀಕನ ಕೈಯಿಂದ ಬಿಡುಗಡೆ ಪಡೆದ. ಆದರೆ ಅದೇ ಗಳಿಗೆಯಲ್ಲಿ ಎಲ್ಲ ಮಾಲೀಕರೂ ಅವನ ವಸತಿಯ ಹೊಣೆಯಿಂದ ಬಿಡುಗಡೆ ಪಡೆದರು ಎಂಬುದು ಚರ್ಚೆಗೆ ಬರಲಿಲ್ಲ. 2022ರ ಅಕ್ಟೋಬರಿನಲ್ಲಿ ಫ್ಲೆಕ್ಸಿ ರದ್ದಾಗಿ ಬೇರೆ ಹೆಸರಿನ ನೋಂದಣಿ ವ್ಯವಸ್ಥೆ ಬಂತು. ಹಾಸಿಗೆ ಹುಡುಕುವ ಕೆಲಸ ಮಾತ್ರ ಕಾರ್ಮಿಕನ ಪಾಲಿಗೇ ಉಳಿಯಿತು.

ಬಾಡಿಗೆ ಕಾನೂನಿನ ಬದಿಯಿಂದ ಬಂದರೂ ದಾರಿ ಅಲ್ಲಿಗೇ ಮುಟ್ಟುತ್ತದೆ. 2014ರ 27ನೇ ಕಾನೂನು ಬಹರೈನಿನಲ್ಲಿ ಬಾಡಿಗೆ ಒಪ್ಪಂದಗಳನ್ನು ನೋಂದಾಯಿಸಬೇಕೆಂದು ಹೇಳುತ್ತದೆ, ಬಾಡಿಗೆ ವ್ಯಾಜ್ಯಗಳಿಗೆಂದೇ ಸಮಿತಿಯನ್ನು ನೇಮಿಸಿದೆ. ಒಳ್ಳೆಯ ಕಾನೂನೇ. ಆದರೆ ಬೆಡ್‌ಸ್ಪೇಸಿನಲ್ಲಿ ಮಲಗುವವನ ಕೈಯಲ್ಲಿ ಒಪ್ಪಂದವೆಂಬ ಕಾಗದವೇ ಇರುವುದಿಲ್ಲ. ಮನೆಮಾಲೀಕನ ದೃಷ್ಟಿಯಲ್ಲಿ ಬಾಡಿಗೆದಾರನೆಂದರೆ ಮಧ್ಯವರ್ತಿ. ಕಾರ್ಮಿಕನ ದೃಷ್ಟಿಯಲ್ಲಿ ಮಾಲೀಕನೆಂದರೂ ಮಧ್ಯವರ್ತಿಯೇ. ಅವನು ಒಂದು ದಿನ ಫೋನು ಬಂದ್ ಮಾಡಿ ಮಾಯವಾದರೆ ಉಳಿಯುವುದು ಎರಡು ಪಕ್ಷ, ಒಬ್ಬರ ಮುಖ ಇನ್ನೊಬ್ಬರು ಕಂಡಿರದ ಪಕ್ಷಗಳು. ವಿದ್ಯುತ್ ಮತ್ತು ನೀರಿನ ಬಿಲ್ಲು ತಿಂಗಳುಗಟ್ಟಲೆ ಬಾಕಿ. ಆಗಸ್ಟಿನ ಬೇಗೆಯಲ್ಲಿ ಕರೆಂಟು ಕಡಿದಾಗ ನಲವತ್ತು ಮಂದಿ ರಸ್ತೆಗೆ ಬಂದು ಕೂರುತ್ತಾರೆ. ಮೂಲ ಮಾಲೀಕನಿಗೆ ಆಗ ಮೊದಲ ಬಾರಿ ಗೊತ್ತಾಗುತ್ತದೆ, ತನ್ನ ಅಜ್ಜನ ಮನೆಯಲ್ಲಿ ನಲವತ್ತು ಮಂದಿ ಇದ್ದರೆಂದು. ಅಥವಾ ಗೊತ್ತಿದ್ದೂ ಕೇಳಿರಲಿಲ್ಲ.

ಮಾಲೀಕನ ನಷ್ಟವನ್ನು ತಳ್ಳಿಹಾಕಬೇಕಾಗಿಲ್ಲ. ಪ್ರಗತಿಪರ ಬರಹಗಳಲ್ಲಿ ಮನೆಮಾಲೀಕನೆಂದರೆ ಯಾವಾಗಲೂ ಹೊಟ್ಟೆ ಬೆಳೆದ ಲೇವಾದೇವಿಯವನೇ. ವಾಸ್ತವ ಅಷ್ಟು ಅನುಕೂಲವಾಗಿ ಒದಗುವುದಿಲ್ಲ. ಬಾಡಿಗೆಯೊಂದನ್ನೇ ನೆಚ್ಚಿದ ವಿಧವೆಯರು, ನಿವೃತ್ತರು ಬಹರೈನಿನಲ್ಲೂ ಇದ್ದಾರೆ, ಮಂಗಳೂರಿನಲ್ಲೂ ಇದ್ದಾರೆ. ಬಚ್ಚಲ ನೀರು ಇಳಿದು ತಳಪಾಯ ಹಾಳಾದ ಮನೆ, ಒಳಗಿನ ತಂತಿಯೆಲ್ಲ ಸುಟ್ಟುಹೋದ ಮನೆ ಅವರ ಕೈಗೆ ಮರಳಿದಾಗ ಹತ್ತು ವರ್ಷದ ಬಾಡಿಗೆಯೂ ಅದರ ದುರಸ್ತಿಗೆ ಸಾಲದೆ ಹೋಗಬಹುದು. ಪುರಸಭೆಯ ನೋಟಿಸು ಬರುವುದು ಅವರ ಹೆಸರಿಗೆ. ಜೀವ ಹೋದರೆ ಪೊಲೀಸರು ಹುಡುಕುವುದೂ ಅವರನ್ನೇ. ಬಾಡಿಗೆದಾರನ ಪಾಲಿನ ಸಂಕಟ ಬೇರೆಯದು: ಬಾಕಿಯ ಮೊಕದ್ದಮೆ ಬಿದ್ದು ಪ್ರಯಾಣ ನಿಷೇಧವಾದರೆ, ತಾಯಿ ಸತ್ತರೂ ಊರಿಗೆ ಹೋಗಲಾರದೆ ಮತ್ತದೇ ಕೋಣೆಯಲ್ಲಿ, ಇನ್ನಷ್ಟು ಅಗ್ಗದ ಮೂಲೆಯಲ್ಲಿ ಉಳಿಯಬೇಕು. ಎರಡೂ ನಷ್ಟಗಳು ನಿಜ. ಒಂದಕ್ಕೆ ದುರಸ್ತಿಯಿದೆ, ಇನ್ನೊಂದಕ್ಕೆ ಕೆಲವೊಮ್ಮೆ ಇಲ್ಲ.

ಈ ಮಧ್ಯವರ್ತಿ ಯಾರು ಎಂಬ ಪ್ರಶ್ನೆ ಕನ್ನಡಿಗರ ಅಂಗಳಕ್ಕೂ ಬರಬೇಕಾದ ಪ್ರಶ್ನೆ. ಅವನು ಯಾವಾಗಲೂ ಅರಬನಲ್ಲ, ಯಾವಾಗಲೂ ‘ಬೇರೆಯವನು’ ಅಲ್ಲ. ಎರಡು ಕೋಣೆಯ ಫ್ಲ್ಯಾಟು ಹಿಡಿದು ಒಂದು ಕೋಣೆಯಲ್ಲಿ ತನ್ನ ಸಂಸಾರವಿಟ್ಟು ಇನ್ನೊಂದರಲ್ಲಿ ನಾಲ್ಕು ಹುಡುಗರಿಗೆ ಹಾಸಿಗೆ ಕೊಡುವುದು ಕರಾವಳಿಯ ಸಂಸಾರಗಳಿಗೂ ಹೊಸತಲ್ಲ. ಏರಿದ ಬಾಡಿಗೆ, 2016ರಿಂದ ವಿದೇಶಿಯರಿಗೆ ಸಬ್ಸಿಡಿ ತಪ್ಪಿ ಏರಿದ ವಿದ್ಯುತ್ ದರ, ಮಕ್ಕಳ ಶಾಲೆಯ ಶುಲ್ಕ ಎಲ್ಲವೂ ಅದಕ್ಕೆ ಒತ್ತಾಸೆ. ನಾಲ್ಕು ಮಂದಿಗೆ ಮರ್ಯಾದೆಯಿಂದ ಜಾಗ ಕೊಟ್ಟರೆ ಅದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ನಾಲ್ಕು ಎಂಟಾದಾಗ, ಎಂಟು ಹನ್ನೆರಡಾದಾಗ, ಬಾಲ್ಕನಿಗೆ ಹಲಗೆ ಬಡಿದಾಗ, ‘ನಮ್ಮೂರ ಹುಡುಗರು, ಪಾಪ, ಎಲ್ಲಿಗೆ ಹೋಗುತ್ತಾರೆ’ ಎಂಬ ಅಕ್ಕರೆಯ ಮಾತಿನಡಿಯಲ್ಲಿ ಲಾಭದ ಲೆಕ್ಕ ಬೆಳೆಯುತ್ತದೆ. ಊರಿನ ನಂಟು ಬಾಡಿಗೆಯ ರಶೀದಿಯನ್ನು ಕೇಳದಂತೆ ಬಾಯಿ ಮುಚ್ಚಿಸುತ್ತದೆ. ಅಣ್ಣ ಎಂದು ಕರೆದವನ ಮೇಲೆ ದೂರು ಕೊಡುವುದು ಹೇಗೆ?

ಮುಂಬಯಿಯ ಚರಿತ್ರೆ ಗೊತ್ತಿದ್ದವರಿಗೆ ಇದು ಪರಿಚಿತ ದೃಶ್ಯ. ಕರಾವಳಿಯಿಂದ ಹೋದ ಹುಡುಗರು ಉಡುಪಿ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿ ಅದೇ ಮೇಜುಗಳನ್ನು ಜೋಡಿಸಿ ಮಲಗಿದವರು. ಸಂಜೆ ಕನ್ನಡದ ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದ ಅವರ ಕಥೆಯನ್ನು ಮುಂಬಯಿ ಕನ್ನಡಿಗರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಬೇಕಾದ ಕಥೆಯೇ. ಆದರೆ ಆ ಹೆಮ್ಮೆಯಲ್ಲಿ ಮೇಜಿನ ಮೇಲೆ ಮಲಗಿಸಿದ ಧಣಿಯ ಲೆಕ್ಕ ಮಾಫಿಯಾಗಿಬಿಟ್ಟಿದೆ. ಕಷ್ಟಪಟ್ಟು ಮೇಲೆ ಬಂದವರ ಬಾಯಲ್ಲಿ ‘ನಾವೂ ಹಾಗೆಯೇ ಇದ್ದೆವು’ ಎಂಬ ಮಾತು ಅನುಭವವಾಗಿ ಶುರುವಾಗಿ ಸಮರ್ಥನೆಯಾಗಿ ಮುಗಿಯುತ್ತದೆ.

ಶುಚಿಯ ಮಾತು ಬಂದಾಗ ಭಾರತೀಯ ಮನಸ್ಸು ಎಂದೂ ನಿರ್ಮಲವಾಗಿ ಯೋಚಿಸಿದ್ದಿಲ್ಲ. ಮಡಿ ಮೈಲಿಗೆಗಳ ಶತಮಾನಗಳ ತರಬೇತಿ ಅದಕ್ಕಿದೆ. ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಹೋದ ದಲಿತರಿಗೆ, ಮುಸ್ಲಿಮರಿಗೆ, ಈಶಾನ್ಯದವರಿಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡಿನ ನಿಜವಾದ ಅರ್ಥ ಚೆನ್ನಾಗಿ ಗೊತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆಯಿಂದ ಹೊರಗೆ ಬಸವನಗುಡಿ, ಮಲ್ಲೇಶ್ವರಗಳು ವೇಗವಾಗಿ ಬೆಳೆದವು. ಅಗಲವಾದ ರಸ್ತೆ, ಗಾಳಿ ಬೆಳಕಿನ ನಿವೇಶನ. ಅಲ್ಲಿಗೆ ಮೊದಲು ಹೋಗಲು ಸಾಧ್ಯವಾದದ್ದು ಉಳ್ಳವರಿಗೆ, ಮೇಲುಜಾತಿಯವರಿಗೆ. ಪೇಟೆಯ ಇಕ್ಕಟ್ಟಿನಲ್ಲಿ ಉಳಿದವರಿಗೆ ಕೊಳಕರೆಂಬ ಹೆಸರೂ ಉಳಿಯಿತು. ಅದೇ ಸಂಸ್ಕಾರವನ್ನು ಹೊತ್ತು ಕೊಲ್ಲಿಗೆ ಬಂದವರು ಬಂಗಾಳಿ ಕೂಲಿಕಾರನ ಕೋಣೆಯನ್ನು ನೋಡುತ್ತಾರೆ. ಬಿಳಿಯ ಮೇಲಧಿಕಾರಿ ತಮ್ಮ ಅಡುಗೆಯ ಒಗ್ಗರಣೆ ವಾಸನೆಗೆ ಮೂಗು ಮುಚ್ಚಿದಾಗ ಮಾತ್ರ ಅವರಿಗೆ ಜನಾಂಗಭೇದ ಕಾಣಿಸುತ್ತದೆ.

ಬಹರೈನಿನ ಪುರಸಭಾ ಸದಸ್ಯರು, ಸಂಸದರು ಪದೇಪದೇ ಮುಂದಿಡುವ ಪರಿಹಾರ ಒಂದಿದೆ: ಸಂಸಾರಗಳು ಇರುವ ಬಡಾವಣೆಗಳಿಂದ ‘ಬ್ಯಾಚುಲರ್’ ಕಾರ್ಮಿಕರನ್ನು ಹೊರಗೆ ಹಾಕಬೇಕು. ಬ್ಯಾಚುಲರ್ ಎಂಬ ಪದದ ಕುಹಕವನ್ನು ಗಮನಿಸಬೇಕು. ಇವರಲ್ಲಿ ಬಹುಮಂದಿಗೆ ಹೆಂಡತಿ ಮಕ್ಕಳಿದ್ದಾರೆ. ಕರೆಸಿಕೊಳ್ಳಲು ಬೇಕಾದಷ್ಟು ಸಂಬಳವಿಲ್ಲವೆಂದು ಕಾನೂನು ಅವರನ್ನು ಒಂಟಿ ಮಾಡಿದೆ, ಆಮೇಲೆ ಒಂಟಿಯೆಂದು ದೂರುತ್ತಿದೆ. ಹೊರಗೆ ಹಾಕಿದರೆ ಅವರು ಹೋಗುವುದೆಲ್ಲಿಗೆ? ಎಂಗೆಲ್ಸ್ 1872ರಲ್ಲಿ ವಸತಿ ಸಮಸ್ಯೆಯನ್ನು ಕುರಿತು ಬರೆಯುತ್ತ ಇದನ್ನೇ ತೋರಿಸಿದ್ದ: ಕೊಳೆಗೇರಿಯನ್ನು ಬಂಡವಾಳಿಗರು ಬಗೆಹರಿಸುವುದಿಲ್ಲ, ಪಕ್ಕದ ಬೀದಿಗೆ ಸರಿಸುತ್ತಾರೆ. ಒಂದು ಕಟ್ಟಡಕ್ಕೆ ಬೀಗ ಬಿದ್ದ ರಾತ್ರಿಯೇ ಅಲ್ಲಿನ ನಲವತ್ತು ಮಂದಿ ಬೇರೆ ನಾಲ್ಕು ಕಟ್ಟಡಗಳಿಗೆ ಹಂಚಿಹೋಗುತ್ತಾರೆ. ಅಲ್ಲಿ ಹತ್ತಿದ್ದ ಕೋಣೆ ಇಪ್ಪತ್ತಾಗುತ್ತದೆ.

ತೆರವು ಮಾಡಿಸುವುದು ತಪಾಸಣೆಯಲ್ಲ. ನ್ಯೂಯಾರ್ಕಿನ ಕತ್ತಲೆ ಕೋಣೆಗಳನ್ನು ಜೇಕಬ್ ರೀಸ್ 1890ರಲ್ಲಿ ಫೋಟೋಗಳ ಮೂಲಕ ಜಗತ್ತಿಗೆ ತೋರಿಸಿದ ಮೇಲೆ, ಹನ್ನೊಂದು ವರ್ಷ ಕಳೆದು, 1901ರಲ್ಲಿ ಅಲ್ಲಿ ಬಾಡಿಗೆಮನೆಗಳ ಕಾನೂನು ಬಂತು. ಕಿಟಕಿ, ಶೌಚಾಲಯ, ಬೆಂಕಿಯಿಂದ ಪಾರಾಗುವ ಮೆಟ್ಟಿಲು ಕಟ್ಟಡದ ಗುಣವಾಗಬೇಕೇ ಹೊರತು ಬಾಡಿಗೆದಾರನ ನಡತೆಯ ಪ್ರಶ್ನೆಯಲ್ಲ ಎಂಬುದು ಅದರ ತಿರುಳು. 1915ರಲ್ಲಿ ಗ್ಲಾಸ್ಗೋದ ಹೆಂಗಸರು ಮೇರಿ ಬಾರ್ಬರ್ ಮುಂದಾಳತ್ವದಲ್ಲಿ ಏರಿದ ಬಾಡಿಗೆ ಕೊಡಲು ನಿರಾಕರಿಸಿ ಬ್ರಿಟಿಷ್ ಸರ್ಕಾರವನ್ನೇ ಬಾಡಿಗೆ ನಿಯಂತ್ರಣಕ್ಕೆ ಒಪ್ಪಿಸಿದರು. ಆದರೆ ಅವರಿಗೆ ಅಲ್ಲಿ ಬೀದಿಗಿಳಿಯುವ ಹಕ್ಕಿತ್ತು, ಗಡೀಪಾರಿನ ಭಯವಿರಲಿಲ್ಲ. ಕೊಲ್ಲಿಯ ಬಾಡಿಗೆದಾರನ ಪ್ರತಿಭಟನೆ ವಿಮಾನ ನಿಲ್ದಾಣದಲ್ಲಿ ಮುಗಿಯುತ್ತದೆ. ಆದ್ದರಿಂದ ಅವನ ಪರವಾಗಿ ಮಾತಾಡಬಲ್ಲವರ ಮೌನಕ್ಕೆ ಇಲ್ಲಿ ಬೆಲೆ ಹೆಚ್ಚು.

ಇನ್ನೊಂದು ಬಗೆಯ ಕೊಳೆಯೂ ಇದೆ. ಅದನ್ನು ಇದರೊಡನೆ ಕಲಸಬಾರದು. ಒಬ್ಬನೇ ಇರುವ ಫ್ಲ್ಯಾಟಿನಲ್ಲಿ, ಜಾಗಕ್ಕೆ ಕೊರತೆಯಿಲ್ಲದ ಕಡೆ, ಹಳೆಯ ಪತ್ರಿಕೆ, ಖಾಲಿ ಡಬ್ಬ, ಕೊಳೆತ ಅನ್ನದ ನಡುವೆ ಮನುಷ್ಯ ಬದುಕುತ್ತಿರುವುದು ಬಾಗಿಲು ಮುರಿದಾಗಲೇ ತಿಳಿಯುತ್ತದೆ. 1975ರಲ್ಲಿ ಇಂಗ್ಲೆಂಡಿನ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಂಥ 30 ಮಂದಿ ವೃದ್ಧರ ಬಗ್ಗೆ ಬರೆದು ‘ಡಯೋಜನೀಸ್ ಸಿಂಡ್ರೋಮ್’ ಎಂಬ ಹೆಸರು ಕೊಟ್ಟರು. (ಏನನ್ನೂ ಇಟ್ಟುಕೊಳ್ಳದೆ ಬದುಕಿದ ಗ್ರೀಕ್ ವಿರಾಗಿಗೆ ಈ ಹೆಸರು ಅನ್ಯಾಯವೇ ಸರಿ.) ಅವರಲ್ಲಿ ಅರ್ಧದಷ್ಟು ಮಂದಿಗೆ ಗುರುತಿಸಬಹುದಾದ ಮನೋರೋಗ ಇರಲಿಲ್ಲ, ಕೆಲವರು ಒಳ್ಳೆಯ ಹುದ್ದೆಗಳಲ್ಲಿದ್ದು ನಿವೃತ್ತರಾದವರು. ವಸ್ತುಗಳನ್ನು ಎಸೆಯಲಾರದೆ ಕೂಡಿಡುವ ಗೀಳನ್ನು ಅಮೆರಿಕದ ಮನೋವೈದ್ಯರ ಸಂಘ ಪ್ರತ್ಯೇಕ ಕಾಯಿಲೆಯೆಂದು ಒಪ್ಪಿದ್ದು 2013ರಲ್ಲಿ.

ವಲಸಿಗರಲ್ಲಿ ಇದು ಅಡಗಿಯೇ ಇರುತ್ತದೆ, ಅದಕ್ಕೆ ಕಾರಣವಿದೆ. ಕೆಲಸ ಹೋದರೆ ವೀಸಾ ಹೋಗುವ ನಾಡಿನಲ್ಲಿ ಮನಸ್ಸಿನ ಕಾಯಿಲೆ ಹೇಳಿಕೊಳ್ಳುವಂಥದ್ದಲ್ಲ. ವ್ಯಾಪಾರ ಮುರಿದು, ಪಾಸ್‌ಪೋರ್ಟಿನ ಅವಧಿ ಮುಗಿದು, ಊರಿಗೆ ಬರಿಗೈಯಲ್ಲಿ ಹೋಗಲು ನಾಚಿ ಉಳಿದುಬಿಟ್ಟ ಐವತ್ತು ಅರವತ್ತರ ಗಂಡಸರು ಕೊಲ್ಲಿಯ ಪ್ರತಿ ನಗರದಲ್ಲೂ ಇದ್ದಾರೆ. ಮೊದಲು ಸಂಘದ ಕಾರ್ಯಕ್ರಮಗಳಿಗೆ ಬರುವುದು ನಿಲ್ಲುತ್ತದೆ, ಆಮೇಲೆ ಫೋನು ಎತ್ತುವುದು, ಕೊನೆಗೆ ಬಾಗಿಲು ತೆರೆಯುವುದು. ವಾಸನೆ ಮೆಟ್ಟಿಲಿಗೆ ಬಂದಾಗ ನೆರೆಯವರು ಮಾಲೀಕನಿಗೆ, ಮಾಲೀಕ ಪೊಲೀಸರಿಗೆ ಹೇಳುತ್ತಾರೆ. ಆತನಿಗೆ ಬೇಕಾದದ್ದು ವೈದ್ಯ. ಸಿಗುವುದು ತೆರವಿನ ಆದೇಶ. ಮನೆ ಖಾಲಿ ಮಾಡಿಸಿ ಸಾಮಾನೆಲ್ಲ ಒಂದೇ ದಿನ ಎಸೆದರೆ ಇಂಥವರ ಸ್ಥಿತಿ ಬಿಗಡಾಯಿಸುವುದೇ ಹೆಚ್ಚು, ಇನ್ನೊಂದು ಕೋಣೆಯಲ್ಲಿ ಅದೇ ಮರುಕಳಿಸುತ್ತದೆ. ಮಾಲೀಕನಿಗೂ ಅದರಿಂದ ಲಾಭವಿಲ್ಲ: ಆರು ತಿಂಗಳ ಬಾಕಿ ಹೋಯಿತು, ಶುಚಿ ಮಾಡಿಸುವ ಖರ್ಚು ತಲೆಗೆ ಬಂತು. ಮೂರನೆಯ ತಿಂಗಳಲ್ಲಿ ಯಾರಾದರೂ ಬಾಗಿಲು ತಟ್ಟಿದ್ದರೆ ಇಬ್ಬರಿಗೂ ಉಳಿತಾಯವಿತ್ತು.

ಹಾಗೆ ಬಾಗಿಲು ತಟ್ಟುವವರು ಬಹರೈನಿನಲ್ಲಿ ಇಲ್ಲದಿಲ್ಲ. 2005ರಿಂದ ವಲಸೆ ಕಾರ್ಮಿಕರ ರಕ್ಷಣಾ ಸಂಘ ಕೆಲಸ ಮಾಡುತ್ತಿದೆ. ಭಾರತೀಯರಿಗಾಗಿ ಇಂಡಿಯನ್ ಕಮ್ಯುನಿಟಿ ರಿಲೀಫ್ ಫಂಡ್ 1999ರಿಂದ ಇದೆ. ಇವರ ಸ್ವಯಂಸೇವಕರು ಬೇಸಗೆಯಲ್ಲಿ ನೀರು, ಹಣ್ಣು ಹಿಡಿದು ಕೆಲಸದ ಜಾಗಗಳಿಗೆ ಹೋಗುತ್ತಾರೆ, ಶವಗಳನ್ನು ಊರಿಗೆ ಕಳಿಸಲು ಓಡಾಡುತ್ತಾರೆ. ಅವರ ದುಡಿಮೆ ದೊಡ್ಡದು. ಆದರೆ ದಾನದ ಕೈಗೆ ಕಟ್ಟಡದೊಳಗೆ ಹೋಗಿ ಮೀಟರ್ ಬೋರ್ಡು ನೋಡುವ ಅಧಿಕಾರವಿಲ್ಲ. ಕೇರಳದಲ್ಲಿ 1998ರಿಂದ ವಲಸೆಯ ಸಮೀಕ್ಷೆಗಳು ನಿಯತವಾಗಿ ನಡೆದುಬಂದಿವೆ. ಯಾವ ತಾಲೂಕಿನಿಂದ ಎಷ್ಟು ಮಂದಿ ಎಲ್ಲಿಗೆ ಹೋದರೆಂಬ ಅಂದಾಜು ಆ ಸರ್ಕಾರಕ್ಕಿದೆ. ಕರ್ನಾಟಕದಲ್ಲಿ ಅಂಥ ಪರಂಪರೆ ಬೆಳೆದಿಲ್ಲ. ಅನಿವಾಸಿಯೆಂದರೆ ಹೂಡಿಕೆ ತರುವವನು ಎಂಬ ಕಲ್ಪನೆಯಲ್ಲೇ ಬೆಂಗಳೂರಿನ ಕಚೇರಿಗಳು ಇನ್ನೂ ಇವೆ.

2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಉರಿದು ಸುಮಾರು 50 ಮಂದಿ ಸತ್ತರು. ಭಾರತೀಯ ವಾಯುಪಡೆಯ ವಿಮಾನ ಹೊತ್ತು ತಂದದ್ದು 45 ಶವಗಳನ್ನು, ಕರ್ನಾಟಕದವರೊಬ್ಬರೂ ಅದರಲ್ಲಿದ್ದರು. ಪರಿಹಾರ ಘೋಷಣೆಯಾಯಿತು, ಸಂತಾಪ ಸಭೆಗಳಾದವು. ಸಭೆಗಳಲ್ಲಿ ಮೇಣದ ಬತ್ತಿ ಹಿಡಿದವರಲ್ಲಿ ಎಷ್ಟು ಮಂದಿ ಮನೆಗೆ ಮರಳಿ ತಮ್ಮ ಫ್ಲ್ಯಾಟಿನಲ್ಲಿ ಹಲಗೆ ಬಡಿದು ಮುಚ್ಚಿದ ಕಿಟಕಿಯನ್ನು ತೆರೆದರು?

ಕೊಲ್ಲಿಯ ಕನ್ನಡ, ತುಳು, ಕೊಂಕಣಿ, ಬ್ಯಾರಿ ಸಂಘಟನೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ರಾಜ್ಯೋತ್ಸವ, ಯಕ್ಷಗಾನ, ಇಫ್ತಾರ್ ಕೂಟಗಳ ಆಹ್ವಾನದ ನಡುವೆ ‘ಬೆಡ್‌ಸ್ಪೇಸ್ ಇದೆ, ನಮ್ಮವರಿಗೆ ಆದ್ಯತೆ’ ಎಂಬ ಸಂದೇಶ ವಾರಕ್ಕೊಮ್ಮೆಯಾದರೂ ಬರುತ್ತದೆ. ಬಾಡಿಗೆ, ಬಸ್ ಸ್ಟಾಪಿನ ದೂರ, ಇಂಟರ್ನೆಟ್ ಇದೆಯೋ ಇಲ್ಲವೋ ಎಲ್ಲವನ್ನೂ ಅದರಲ್ಲಿ ಬರೆದಿರುತ್ತಾರೆ. ಕೋಣೆಯಲ್ಲಿ ಈಗಾಗಲೇ ಎಷ್ಟು ಮಂದಿ ಇದ್ದಾರೆ, ಒಪ್ಪಂದ ಯಾರ ಹೆಸರಿನಲ್ಲಿದೆ, ಸಿಲಿಂಡರ್ ಎಲ್ಲಿದೆ, ಹೊರಗೆ ಹೋಗಲು ಎರಡನೆಯ ಬಾಗಿಲಿದೆಯೇ ಎಂದು ಬರೆಯುವುದಿಲ್ಲ. ಈ ನಾಲ್ಕು ಸಾಲಿಲ್ಲದ ಜಾಹೀರಾತನ್ನು ಗುಂಪಿನಲ್ಲಿ ಹಾಕಗೊಡುವುದಿಲ್ಲವೆಂದು ನಿರ್ಧರಿಸಲು ಸಂಘದ ಕಾರ್ಯಕಾರಿ ಸಮಿತಿಗೆ ಯಾವ ಸಚಿವಾಲಯದ ಅನುಮತಿಯೂ ಬೇಕಾಗಿಲ್ಲ.